ತಾತನ ಸಮಾಧಿ ಜಮೀನಿನಲ್ಲಿ ಎಲ್ಲಿದೆ ಅಂತ ಡ್ರೋನ್, ರೇಡಾರ್‌ನಲ್ಲಿ ಗೊತ್ತಾಗುತ್ತಾ?

ಕಬ್ಬಿನಗದ್ದೆ · ಜನವರಿ 6, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ವಿಷಯ ಸ್ವಲ್ಪ ವಿಚಿತ್ರ, ನಗಬೇಡಿ.

ಮನೆಯಲ್ಲಿ ಭಾಗ ಆಗುತ್ತಿದೆ. ನಾಲೆ ಕೆಳಗಿನ 1 ಎಕರೆ 12 ಗುಂಟೆ ನಮ್ಮ ಪಾಲಿಗೆ ಬರುತ್ತದೆ. ಅದರಲ್ಲೇ ಎಲ್ಲೋ ನಮ್ಮ ತಾತನನ್ನು 1983ರಲ್ಲಿ ಮಣ್ಣು ಮಾಡಿದ್ದಾರೆ. ಮೇಲೆ ಗುಡ್ಡೆ ಇತ್ತು, ತಲೆ ಕಡೆ ಒಂದು ಚಪ್ಪಡಿ ಕಲ್ಲು ನೆಟ್ಟಿದ್ದರು. 2008ರಲ್ಲಿ ಜೆಸಿಬಿ ತರಿಸಿ ಗದ್ದೆ ಮಟ್ಟ ಮಾಡಿಸಿದರು. ಗುಡ್ಡೆ ಹೋಯಿತು, ಕಲ್ಲೂ ಹೋಯಿತು.

ಈಗ ಕೇಳಿದರೆ ದೊಡ್ಡಪ್ಪ ಹುಣಸೆಮರದ ಬುಡ ತೋರಿಸುತ್ತಾರೆ. ಚಿಕ್ಕಪ್ಪ ಮುಚ್ಚಿಹೋದ ಹಳೇ ಬಾವಿ ಪಕ್ಕ ಅನ್ನುತ್ತಾರೆ. ನಮ್ಮಪ್ಪ ನಾಲೆ ಏರಿಯ ಕಡೆ ಕೈ ಮಾಡುತ್ತಾರೆ. ಮೂವರೂ ಹೆಗಲು ಕೊಟ್ಟವರೇ! ಒಂದಕ್ಕೊಂದು ನಲವತ್ತು ಐವತ್ತು ಹೆಜ್ಜೆ ದೂರ.

ತಮ್ಮ ಅಲ್ಲಿ ಮನೆ ಕಟ್ಟಬೇಕು ಅಂತಿದ್ದಾನೆ. ಅವ್ವ ಒಂದೇ ಮಾತು ಹಿಡಿದಿದ್ದಾಳೆ, "ಮಾವನ ಎದೆ ಮೇಲೆ ಕಂಬ ನಿಲ್ಲಿಸಬೇಡಿ." ಪಾಯ ತೆಗೆಯುವ ಮುಂಚೆ ಜಾಗ ಗೊತ್ತಾಗಬೇಕು. ಟಿವಿಯಲ್ಲಿ ನೆಲದೊಳಗೆ ನೋಡುವ ರೇಡಾರ್ ತೋರಿಸಿದ್ದರಲ್ಲ, ಅದು ನಮ್ಮಂಥವರಿಗೆ ಆಗುತ್ತಾ? ಗೊತ್ತಿದ್ದವರು ಹೇಳಿ.

ಮದ್ದೂರ್‌ವಡೆ · ಜನವರಿ 6, ರಾತ್ರಿ 9:58

ಬೋರ್ ಪಾಯಿಂಟ್ ನೋಡೋರನ್ನು ಕರೆಸಿ ಗುರುವೇ. ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತರೆ ನೀರು, ಮಲಗಿದರೆ ತಾತ.

ಕಬ್ಬಿನಗದ್ದೆ · ಜನವರಿ 6, ರಾತ್ರಿ 10:03

ನಗಬೇಡಿ ಅಂದಿದ್ದೆ 😄 ನಮ್ಮ ಚಿಕ್ಕಪ್ಪ ನಿಜವಾಗಿಯೂ ಅದನ್ನೇ ಹೇಳಿದರು.

ಗಂಗೋತ್ರಿ96 · ಜನವರಿ 7, ಬೆಳಿಗ್ಗೆ 6:20

ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನ ಓದಿದವನು ನಾನು. ಹೊಟ್ಟೆಪಾಡಿಗೆ ಇಪ್ಪತ್ತೈದು ವರ್ಷದಿಂದ ಇದೇ ಬೋರ್ ಪಾಯಿಂಟ್ ಕೆಲಸ. ತೆಂಗಿನಕಾಯಿ ಅಲ್ಲ, ಮಣ್ಣಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಅಳೆಯುವ ಮೀಟರ್ ಇಟ್ಟುಕೊಂಡು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಹಾಕೋಣ. ಜಿಪಿಆರ್, ಅಂದರೆ ನೀವು ಹೇಳಿದ ನೆಲದೊಳಗೆ ನೋಡುವ ರೇಡಾರ್, ನೆಲಕ್ಕೆ ಎಕ್ಸ್‌ರೇ ಅಲ್ಲ. ಪರದೆ ಮೇಲೆ ಅಸ್ಥಿಪಂಜರ ಕಾಣುವುದು ಸಿನಿಮಾದಲ್ಲಿ ಮಾತ್ರ. ತಳ್ಳುಗಾಡಿಯಂಥ ಪೆಟ್ಟಿಗೆ ರೇಡಿಯೋ ಅಲೆಯನ್ನು ನೆಲಕ್ಕೆ ಬಿಡುತ್ತದೆ. ಮಣ್ಣಿನ ಗುಣ ಎಲ್ಲಿ ತಟ್ಟನೆ ಬದಲಾಗುತ್ತದೋ ಅಲ್ಲಿಂದ ಅಲೆಯ ಒಂದು ಪಾಲು ವಾಪಸ್ ಬರುತ್ತದೆ. ಬರಲು ಹಿಡಿದ ಹೊತ್ತಿನಿಂದ ಆಳ ಲೆಕ್ಕ ಹಾಕುತ್ತಾರೆ. ಗಾಳಿಯಲ್ಲಿ ಅಲೆ ಒಂದು ನ್ಯಾನೊಸೆಕೆಂಡಿಗೆ 30 ಸೆಂಟಿಮೀಟರ್ ಹೋಗುತ್ತದೆ. ಒಣ ಮರಳಲ್ಲಿ ಸುಮಾರು 15. ಒದ್ದೆ ಜೇಡಿಯಲ್ಲಿ 6ರ ಆಸುಪಾಸು.

ಹಾಗಾದರೆ ಸಮಾಧಿ ಹೇಗೆ ಸಿಗುತ್ತದೆ? ಮೂಳೆಯಿಂದ ಅಲ್ಲ, ಗುಂಡಿಯಿಂದ. ಒಮ್ಮೆ ಆಳುದ್ದ ತೋಡಿ ವಾಪಸ್ ಮುಚ್ಚಿದ ಮಣ್ಣು ಮತ್ತೆ ಮೊದಲಿನಂತೆ ಕೂರುವುದಿಲ್ಲ. ಪದರ ಕಲಸಿ ಹೋಗಿರುತ್ತದೆ, ನೀರು ಬೇರೆ ಥರ ಹಿಡಿಯುತ್ತದೆ. ಗುಂಡಿಯ ಅಂಚು ಎಷ್ಟೋ ದಶಕ ಉಳಿಯುತ್ತದೆ. ಮೆಷಿನ್‌ಗೆ ಕಾಣುವುದು ಆ ಅಂಚು. ತಾತ ಅಲ್ಲ.

ಇನ್ನು ಕೆಟ್ಟ ಸುದ್ದಿ. ಜಿಪಿಆರ್‌ಗೆ ಒದ್ದೆ ಜೇಡಿ ಕಂಡರೆ ಆಗದು. ಅಲೆಯನ್ನು ಆ ಮಣ್ಣೇ ನುಂಗಿಬಿಡುತ್ತದೆ. ತಲಕಾಡಿನ ಮರಳಾಗಿದ್ದರೆ ಹಲವು ಮೀಟರ್ ಆಳ ನೋಡಬಹುದಿತ್ತು. ನಾಲೆ ಕೆಳಗಿನ ಗದ್ದೆಯಲ್ಲಿ ಒಂದು ಮೀಟರ್ ದಾಟಿದರೆ ಪುಣ್ಯ. ನಿಮ್ಮ ಮಣ್ಣು ಯಾವುದು? ಈಗ ಬೆಳೆ ಏನಿದೆ? ಮಟ್ಟ ಮಾಡಿದಾಗ ಆ ಮೂಲೆಯಲ್ಲಿ ಮಣ್ಣು ತೆಗೆದರೋ, ತುಂಬಿದರೋ? ಈ ಮೂರಕ್ಕೆ ಉತ್ತರ ಕೊಡಿ.

ಕಬ್ಬಿನಗದ್ದೆ · ಜನವರಿ 7, ಮಧ್ಯಾಹ್ನ 1:15

ಧನ್ಯವಾದ ಸಾರ್. ಮೇಲೆ ಒಂದೂವರೆ ಅಡಿ ಕಪ್ಪು ಜೇಡಿ, ಕೆಳಗೆ ಕೆಂಪು, ಮರಳು ಮರಳಾಗಿ. ಈಗ ಕಬ್ಬು ಎಂಟು ಅಡಿ ಎದ್ದಿದೆ, ಫೆಬ್ರವರಿ ಕೊನೆಗೆ ಕಟಾವು. ಹುಣಸೆಮರದ ಕಡೆಯಿಂದ ಮಣ್ಣು ತೆಗೆದು ಬಾವಿ ಕಡೆಗೆ ತುಂಬಿದರಂತೆ. ಎಷ್ಟು ಅಂತ ಯಾರಿಗೂ ನೆನಪಿಲ್ಲ.

ಡ್ರೋಣಾಚಾರಿ · ಜನವರಿ 7, ಸಂಜೆ 7:32

ಹಳ್ಳಿ ಮನೆಗಳಿಗೆ ನಕ್ಷೆ ಮಾಡುವ ಸ್ವಾಮಿತ್ವ ಯೋಜನೆ 2020ರಲ್ಲಿ ಬಂತಲ್ಲ, ಅಂಥದ್ದೇ ಡ್ರೋನ್ ಸರ್ವೆ ನನ್ನ ಕೆಲಸ. ಈಗ ಹಾರಿಸಿ ಪ್ರಯೋಜನವಿಲ್ಲ. ಎಂಟಡಿ ಕಬ್ಬಿನ ಮೇಲಿಂದ ಕಾಣುವುದು ಕಬ್ಬೇ.

ಲೈಡಾರ್ ಅಂತ ಒಂದಿದೆ. ಲೇಸರ್ ಕಿರಣ ಎಲೆಗಳ ಸಂದಿಯಿಂದ ನೆಲ ಮುಟ್ಟಿ ಬರುತ್ತದೆ. ಕಾಡಿನ ಕೆಳಗೆ ಮುಚ್ಚಿದ ಊರುಗಳನ್ನೇ ಅದರಲ್ಲಿ ಹುಡುಕಿದ್ದಾರೆ. ಸಮಾಧಿಯ ಮಣ್ಣು ಕಾಲ ಹೋದಂತೆ ಕುಸಿದು ಮೇಲೆ ಸಣ್ಣ ತಗ್ಗು ಬೀಳುತ್ತದೆ. ದೇಹ ಕರಗಿದ ಮೇಲೆ ಹೊಟ್ಟೆಯ ಭಾಗದಲ್ಲಿ ಇನ್ನೊಂದು ಸಣ್ಣ ತಗ್ಗು. ಲೈಡಾರ್ ಆ ತಗ್ಗು ಹಿಡಿಯಬಹುದು. ಆದರೆ ನಿಮ್ಮದು ಜೆಸಿಬಿ ಮಟ್ಟ ಮಾಡಿ, ಮೇಲೆ ಹದಿನೇಳು ವರ್ಷ ಉಳುಮೆ ಆಗಿರುವ ನೆಲ. ತಗ್ಗು ಎಲ್ಲಿಂದ ಬರಬೇಕು?

ಬೆಳೆಯ ಬಣ್ಣ ನೋಡುವುದು ಇನ್ನೊಂದು ದಾರಿ. ಅಗೆದು ಮುಚ್ಚಿದ ಜಾಗದಲ್ಲಿ ಬೇರು ಆಳಕ್ಕೆ ಇಳಿಯುತ್ತದೆ, ತೇವ ಜಾಸ್ತಿ ಸಿಗುತ್ತದೆ. ಬರಗಾಲದಲ್ಲಿ ಸುತ್ತ ಎಲ್ಲ ಒಣಗಿದರೂ ಅಲ್ಲಿ ಮಾತ್ರ ಹಸಿರು. 2018ರ ಬಿರುಬೇಸಿಗೆಯಲ್ಲಿ ಐರ್ಲೆಂಡಿನ ನ್ಯೂಗ್ರೇಂಜ್ ಹತ್ತಿರ ಹೊಲದ ಮೇಲೆ ಡ್ರೋನ್ ಹಾರಿಸಿದವರಿಗೆ ಸಾವಿರಾರು ವರ್ಷ ಹಳೆಯ ದೊಡ್ಡ ವೃತ್ತವೇ ಕಂಡಿತು. ಅದೂ ಬೆಳೆಯ ಬಣ್ಣದಲ್ಲಿ. ನಮ್ಮಲ್ಲಿ ಮಾತ್ರ ವಿಸಿ (ವಿಶ್ವೇಶ್ವರಯ್ಯ) ನಾಲೆ ನೀರು ಎಲ್ಲವನ್ನೂ ಒಂದೇ ಹಸಿರು ಮಾಡಿಬಿಡುತ್ತದೆ. ಮಂಡ್ಯದ ರೈತನಿಗೆ ವರ, ನನ್ನ ಡ್ರೋನ್‌ಗೆ ಶಾಪ.

ಉಪಗ್ರಹದ ಆಸೆ ಬಿಡಿ. ಪುಕ್ಕಟೆ ಸಿಗುವ ಸೆಂಟಿನೆಲ್ ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ 10 ಮೀಟರ್. ತಾತನ ಜೊತೆ ಹುಣಸೆಮರವೂ ಅದರೊಳಗೆ ಬಂತು. ನಮ್ಮ ಕಾರ್ಟೊಸ್ಯಾಟ್-3 ಕಾಲು ಮೀಟರ್‌ವರೆಗೆ ನೋಡುತ್ತದೆ, ಆದರೆ ಅದನ್ನು ಹಾರಿಸಿದ್ದೇ 2019ರಲ್ಲಿ. ನಿಮಗೆ ಬೇಕಿರುವುದು 2008ಕ್ಕಿಂತ ಹಿಂದಿನ ಚಿತ್ರ. ಗೂಗಲ್ ಅರ್ಥ್ ಕಂಪ್ಯೂಟರಿನಲ್ಲಿ ತೆಗೆದು ಹಳೇ ಚಿತ್ರಗಳ ಗಡಿಯಾರ ಒತ್ತಿ ಹಿಂದಕ್ಕೆ ಹೋಗಿ. ಜೆಸಿಬಿ ಬರುವ ಮುಂಚಿನದು ಒಂದಾದರೂ ಇದ್ದರೆ ನಿಮ್ಮ ಅದೃಷ್ಟ.

ದೇವನೂರ್‌ದಾರಿ · ಜನವರಿ 8, ಬೆಳಿಗ್ಗೆ 8:11

ಒಂದು ಮಾತು ಯಾರೂ ಕೇಳಲಿಲ್ಲ. ತಾತನನ್ನು ಮಲಗಿಸಿದ್ದರೋ, ಕೂರಿಸಿದ್ದರೋ?

ನಾವು ನಂಜನಗೂಡು ಕಡೆಯವರು, ಲಿಂಗಾಯತರು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಗುಂಡಿ ಉದ್ದಕ್ಕಿರುವುದಿಲ್ಲ, ಚೌಕಕ್ಕೆ ಹತ್ತಿರ. ಒಳಗೆ ಪಕ್ಕದ ಗೋಡೆಗೆ ಒಂದು ಗೂಡು ಕೊರೆದು ಅದರಲ್ಲಿ ಕೂರಿಸುತ್ತಾರೆ. ವಿಭೂತಿ, ಪತ್ರೆ, ಉಪ್ಪು ಹಾಕುತ್ತಾರೆ. ಮುಸ್ಲಿಮರ ಗೋರಿ ಉತ್ತರ ದಕ್ಷಿಣ ಇರುತ್ತದೆ, ಮುಖ ಪಶ್ಚಿಮಕ್ಕೆ. ಇಂಗ್ಲಿಷ್ ವಿಡಿಯೋ ನೋಡಿ ಆರಡಿ-ಎರಡಡಿ ಪೆಟ್ಟಿಗೆ ಆಕಾರ ಹುಡುಕುತ್ತಾ ಕೂತರೆ ನಮ್ಮ ಅಜ್ಜಂದಿರು ಯಾರೂ ಸಿಗುವುದಿಲ್ಲ. ಪೆಟ್ಟಿಗೆಯೂ ಇಲ್ಲ, ಕಬ್ಬಿಣದ ಮೊಳೆಯೂ ಇಲ್ಲ.

ಗಂಗೋತ್ರಿ96 · ಜನವರಿ 8, ಬೆಳಿಗ್ಗೆ 9:47

ದೇವನೂರ್‌ದಾರಿಯವರೇ, ಇದು ನನಗೆ ಹೊಳೆಯಲೇ ಇಲ್ಲ, ಸೊಗಸಾದ ಪ್ರಶ್ನೆ. ಉಪ್ಪಿನ ವಿಷಯ ಇನ್ನೂ ಮಜಾ ಇದೆ. ಉಪ್ಪು ಬಿದ್ದ ಒದ್ದೆ ಮಣ್ಣಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ. ಅಂದರೆ ರೇಡಾರ್‌ಗೆ ಅದು ಶತ್ರು, ನನ್ನ ಮೀಟರ್‌ಗೆ ಮಿತ್ರ. ಆದರೆ ನಲವತ್ತು ವರ್ಷ ನೀರು ಹಾಯಿಸಿದ ಗದ್ದೆಯಲ್ಲಿ ಆ ಉಪ್ಪು ಅಲ್ಲೇ ಕೂತಿರುತ್ತದೆ ಅಂತ ನಾನು ಬೆಟ್ ಕಟ್ಟುವುದಿಲ್ಲ.

ಕಬ್ಬಿನಗದ್ದೆ · ಜನವರಿ 8, ರಾತ್ರಿ 8:30

ಅಪ್ಪನನ್ನು ಕೇಳಿದೆ. ಮಲಗಿಸಿದ್ದು, ತಲೆ ದಕ್ಷಿಣಕ್ಕೆ. ಇದೊಂದರಲ್ಲಿ ಮೂವರೂ ಒಂದೇ ಮಾತು. ಉಪ್ಪು ಒಂದು ಚೀಲ ಹಾಕಿದ್ದರಂತೆ. ಅದರ ದುಡ್ಡು ಯಾರು ಕೊಟ್ಟಿದ್ದು ಅನ್ನುವುದರಲ್ಲಿ ಮತ್ತೆ ಜಗಳ.

ಟೊರಾಂಟೊ_ಮೈಸೂರಿಗ · ಜನವರಿ 9, ಬೆಳಗಿನ ಜಾವ 4:05

ಇಲ್ಲಿ ಕೆನಡಾದಲ್ಲಿ ಆಗಿದ್ದು ಹೇಳುತ್ತೇನೆ. ಆದಿವಾಸಿ ಮಕ್ಕಳನ್ನು ತಂದೆ ತಾಯಿಯಿಂದ ಬಿಡಿಸಿ ಇಟ್ಟಿದ್ದ ವಸತಿ ಶಾಲೆಗಳು ಇಲ್ಲಿದ್ದವು. ಕ್ಯಾಮ್‌ಲೂಪ್ಸ್ ಅನ್ನುವಲ್ಲಿ ಅಂಥ ಶಾಲೆಯ ಹಳೇ ಸೇಬಿನ ತೋಟದಲ್ಲಿ 2021ರಲ್ಲಿ ಜಿಪಿಆರ್ ಓಡಿಸಿದರು. ಮೇ ತಿಂಗಳಲ್ಲಿ 215 ಮಕ್ಕಳ ಅವಶೇಷ ಸಿಕ್ಕಿತು ಅಂತ ಸುದ್ದಿ ಬಂತು. ದೇಶವೇ ಅಲ್ಲಾಡಿತು. ಜುಲೈನಲ್ಲಿ ಸರ್ವೆ ಮಾಡಿದ ತಜ್ಞೆ ವಿವರ ಕೊಟ್ಟಾಗ ಅದು ಸುಮಾರು 200 ಆಯಿತು. "ಸಮಾಧಿ ಇರಬಹುದಾದ ಜಾಗ", ಅಗೆದು ನೋಡದೆ ಖಚಿತ ಅನ್ನಲಾಗದು ಅಂತ ಅವರೇ ಹೇಳಿದರು.

ಈ "ಇರಬಹುದಾದ" ಅನ್ನುವ ಪದ ಹೆಡ್‌ಲೈನ್‌ನಲ್ಲಿ ಬರಲಿಲ್ಲ. ಆಮೇಲೆ ಅದನ್ನೇ ಹಿಡಿದುಕೊಂಡು ಇನ್ನೊಂದು ಗುಂಪು, ಹಾಗಾದರೆ ಏನೂ ಆಗಿಯೇ ಇಲ್ಲ ಅಂತ ಶುರು ಮಾಡಿತು. ಅದು ಇನ್ನೂ ದೊಡ್ಡ ಸುಳ್ಳು. ಆ ಶಾಲೆಗಳಲ್ಲಿ ಸತ್ತ ನಾಲ್ಕು ಸಾವಿರಕ್ಕೂ ಜಾಸ್ತಿ ಮಕ್ಕಳ ದಾಖಲೆ ಇದೆ. ಅದು ರೇಡಾರಿನಿಂದ ಬಂದದ್ದಲ್ಲ. ಕಾಗದ ಪತ್ರ, ಬದುಕಿ ಉಳಿದವರ ಮಾತು, ಅಷ್ಟೇ.

ನಾಗಮಂಗಲ_ಎಕ್ಸ್‌ಪ್ರೆಸ್ · ಜನವರಿ 9, ಬೆಳಿಗ್ಗೆ 10:22

ನಮ್ಮ ಕರಾವಳಿ ಕೇಸಲ್ಲೂ ಡ್ರೋನಿಗೆ ರೇಡಾರ್ ಕಟ್ಟಿ ಹಾರಿಸಿದರಲ್ಲ, ಅದರ ಕಥೆ ಏನಾಯ್ತು? ನನ್ನ ಪ್ರಕಾರ

*[ಉಳಿದ ಭಾಗ ತೆಗೆಯಲಾಗಿದೆ]*

ನಿರ್ವಾಹಕ · ಜನವರಿ 9, ಬೆಳಿಗ್ಗೆ 10:40

ಕೋರ್ಟಿನಲ್ಲಿರುವ ಪ್ರಕರಣ ಇಲ್ಲಿ ಬೇಡ. ಮೆಷಿನ್ ಹೇಗೆ ಕೆಲಸ ಮಾಡುತ್ತದೆ ಅಂತ ಎಷ್ಟು ಬೇಕಾದರೂ ಬರೆಯಿರಿ. ಯಾರು ತಪ್ಪು, ಯಾರು ಸರಿ ಅಂತ ಈ ಎಳೆಯಲ್ಲಿ ತೀರ್ಪು ಕೊಡಬೇಡಿ.

ಡ್ರೋಣಾಚಾರಿ · ಜನವರಿ 9, ಬೆಳಿಗ್ಗೆ 11:05

ಮೆಷಿನ್ ಬಗ್ಗೆ ಮಾತ್ರ. ಡ್ರೋನಿಗೆ ಕಟ್ಟಿದ ಜಿಪಿಆರ್ ನೆಲಕ್ಕೆ ತೀರಾ ಹತ್ತಿರ ಹಾರಬೇಕು. ಎತ್ತರ ಹೋದಷ್ಟೂ ಅಲೆ ನೆಲದೊಳಗೆ ಇಳಿಯುವ ಬದಲು ಮೇಲ್ಮೈಯಿಂದಲೇ ವಾಪಸ್ ಬರುತ್ತದೆ. ಪೊದೆ, ಏರುತಗ್ಗು ಇರುವ ಕಡೆ ಗಾಡಿ ತಳ್ಳಲಾಗದು, ಅದಕ್ಕೇ ಡ್ರೋನ್. ನಿಮ್ಮ ಗದ್ದೆಗೆ ಅದು ಬೇಡ. ಸುಮ್ನೆ ದುಡ್ಡು ದಂಡ.

ಸುಮ_ಒಂಟಿಕೊಪ್ಪಲು · ಜನವರಿ 9, ಸಂಜೆ 6:18

ನಾನು ಇತಿಹಾಸದ ಮೇಷ್ಟ್ರು, ಅಂದರೆ ಮೇಡಂ. ಮೆಷಿನ್‌ಗಿಂತ ಕಾಗದ ದೊಡ್ಡದು ಅನ್ನುವುದಕ್ಕೆ ನನ್ನದೊಂದು ಕಥೆ. ಇಂಗ್ಲೆಂಡಿನ ರಾಜ ಮೂರನೇ ರಿಚರ್ಡ್ 1485ರಲ್ಲಿ ಯುದ್ಧದಲ್ಲಿ ಸತ್ತ. ಹೂತ ಚರ್ಚು ನೆಲಸಮವಾಗಿ ಅದರ ಜಾಗವೇ ಮರೆತುಹೋಗಿತ್ತು. ಹಳೇ ನಕ್ಷೆ, ಹಳೇ ಬರಹ ಹೊಂದಿಸಿ ಲೆಸ್ಟರ್ ಊರಿನ ಒಂದು ಕಾರ್ ಪಾರ್ಕಿಂಗ್ ಅಂತ ಗುರುತು ಹಿಡಿದರು. ಅಲ್ಲಿ ಜಿಪಿಆರ್ ಕೂಡ ಓಡಿಸಿದ್ದರು. ಅದು ತೋರಿಸಿದ್ದು ಹೆಚ್ಚಾಗಿ ಈಗಿನ ಕಾಲದ ಪೈಪು, ಕೇಬಲ್ಲು. 2012ರ ಆಗಸ್ಟಿನಲ್ಲಿ ಅಗೆದ ಮೊದಲ ದಿನವೇ ಕಾಲಿನ ಮೂಳೆ ಸಿಕ್ಕಿತು. ಮುಂದಿನ ವರ್ಷ ಡಿಎನ್‌ಎ ಹೊಂದಿತು.

ನಮ್ಮ ಕಡೆಯೂ ಇದೆ. ತಿ. ನರಸೀಪುರದ ಸಂಗಮದ ಹತ್ತಿರ 1960ರ ದಶಕದಲ್ಲಿ ಅಗೆದಾಗ ನವಶಿಲಾಯುಗದವರ ಸಮಾಧಿ ಸಿಕ್ಕಿದವು. ಕುಂಭಮೇಳಕ್ಕೆ ಹೋಗುವ ಎಷ್ಟು ಜನಕ್ಕೆ ಗೊತ್ತು?

ಶ್ರೀರಂಗಪಟ್ಟಣ ನೋಡಿ. ಟಿಪ್ಪು, ಹೈದರ್ ಗುಂಬಜ್‌ನಲ್ಲಿದ್ದಾರೆ. ಬ್ರಿಟಿಷ್ ಕಡೆಯ ಅಧಿಕಾರಿಗಳು, ಸ್ವಿಸ್ ದ ಮ್ಯೂರಾನ್ ಪಡೆಯವರು, ಅವರ ಹೆಂಡತಿ ಮಕ್ಕಳು ಕಾವೇರಿ ದಂಡೆಯ ಗ್ಯಾರಿಸನ್ ಸ್ಮಶಾನದಲ್ಲಿದ್ದಾರೆ. ಅವರಿಗೆ ಕಲ್ಲಿದೆ, ಹೆಸರಿದೆ. 1799ರ ಮೇ 4ರಂದು ಕೋಟೆಯೊಳಗೆ ಸತ್ತ ಸಾವಿರಾರು ಸಿಪಾಯಿಗಳು, ಊರ ಜನ? ಅವರಿಗೆ ಯಾವ ಕಲ್ಲೂ ಇಲ್ಲ. ಜೋಡಿ ರೈಲು ಹಳಿ ಹಾಕುವಾಗ ಟಿಪ್ಪುವಿನ ಮದ್ದಿನ ಮನೆಯನ್ನು 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕಿಟ್ಟರಲ್ಲ, ಆ ಸುದ್ದಿ ಓದುವಾಗ ನನಗೆ ಬಂದ ಯೋಚನೆ ಇದೇ. ಕಟ್ಟಡ ಕಾಣುತ್ತದೆ, ಅದಕ್ಕೇ ಉಳಿಯಿತು.

ಪಿಂಚಣಿದಾರ · ಜನವರಿ 10, ಬೆಳಿಗ್ಗೆ 7:00

ಕೋರ್ಟು ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದೆ. ಒಂದು ಎಚ್ಚರಿಕೆ. ಜಮೀನು ನಿಮ್ಮದೇ ಆದರೂ ಹೂತ ಹೆಣವನ್ನು ನಿಮ್ಮ ಪಾಡಿಗೆ ನೀವು ಹೊರಗೆ ತೆಗೆಯಲು ಹೋಗಬೇಡಿ. ಸಾವಿನ ಬಗ್ಗೆ ಅನುಮಾನ ಇದ್ದರೆ ಹೊರತೆಗೆಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ. ಮೊದಲು ಸಿಆರ್‌ಪಿಸಿ (ಹಳೇ ದಂಡ ಪ್ರಕ್ರಿಯಾ ಸಂಹಿತೆ) 176ನೇ ಕಲಂ ಅನ್ನುತ್ತಿದ್ದೆವು, ಈಗ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 196. ನಿಮ್ಮದು ಅಂಥ ವಿಷಯ ಅಲ್ಲ. ಆದರೆ ಪಾಲುದಾರರಲ್ಲಿ ಒಬ್ಬರಿಗೆ ಮನಸ್ಸು ಕೆಟ್ಟರೆ, ಸಮಾಧಿ ಕೆದಕಿದರು ಅಂತ ದೂರು ಕೊಡಲು ಎಷ್ಟು ಹೊತ್ತು? ಗ್ರಾಮ ನಕ್ಷೆ, ಸರ್ವೆ ಟಿಪ್ಪಣಿ ತೆಗೆಸಿ ನೋಡಿದಿರಾ? ಊರ ಸ್ಮಶಾನವಾದರೆ ಖರಾಬಿನಲ್ಲಿ, ಅಂದರೆ ಸಾಗುವಳಿಗೆ ಬಾರದ ಜಾಗ ಅಂತ, ದಾಖಲೆಯಲ್ಲಿ ಬರುತ್ತದೆ. ಸ್ವಂತ ಜಮೀನಿನ ಸಮಾಧಿ ಬರುವುದಿಲ್ಲ, ಆದರೆ ಬಾವಿ ಇರಬಹುದು.

ಕಬ್ಬಿನಗದ್ದೆ · ಜನವರಿ 10, ರಾತ್ರಿ 9:12

ಸಾರ್, ಬಾವಿಯ ಜಾಗ ಸಿಕ್ಕಿದರೆ ಏನು ಉಪಯೋಗ?

ಪಿಂಚಣಿದಾರ · ಜನವರಿ 10, ರಾತ್ರಿ 9:30

ಮೂವರು ಮೂರು ಕಡೆ ತೋರಿಸುತ್ತಿರುವುದು ಯಾಕೆ ಹೇಳಿ? ಸುಳ್ಳು ಹೇಳುತ್ತಿಲ್ಲ. ಅವರ ತಲೆಯಲ್ಲಿರುವುದು 1983ರ ಹೊಲ, ಕಣ್ಣಿಗೆ ಕಾಣುತ್ತಿರುವುದು ಇವತ್ತಿನ ಗದ್ದೆ. ನಡುವೆ ಒಂದು ಗುರುತಾದರೂ ಗಟ್ಟಿಯಾಗಿ ನಿಲ್ಲಬೇಕಲ್ವಾ. ಅದು ಬಾವಿ.

ಅಮ್ಮನಿಗಾಗಿ · ಜನವರಿ 11, ಮಧ್ಯಾಹ್ನ 3:50

ನಾನು ಸುಮ್ಮನೆ ಓದುತ್ತಿದ್ದೆ. ಅಮ್ಮ ಪಕ್ಕದಲ್ಲಿದ್ದರು, ಓದಿ ಹೇಳಿದೆ. ಅವರು ಹೇಳಿದ್ದನ್ನು ಬರೆಯುತ್ತಿದ್ದೇನೆ. ಮಳವಳ್ಳಿ ಕಡೆಯವರು, ಈಗ 74.

"ನನ್ನ ಮೊದಲನೇ ಕೂಸು ಹುಟ್ಟಿ ಒಂಬತ್ತು ದಿನಕ್ಕೆ ಹೋಯಿತು. ಬಾಣಂತಿ ಹೋಗಬಾರದು ಅಂತ ನನ್ನನ್ನು ಒಳಗೇ ಕೂರಿಸಿದರು. ಗಂಡಸರು ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು, ಅರ್ಧ ಗಂಟೆಗೆ ಬಂದರು. ಎಲ್ಲಿ ಅಂತ ಕೇಳಿದೆ. ತಿಪ್ಪೆ ಆಚೆ, ಕಳ್ಳಿಬೇಲಿ ಹತ್ತಿರ ಅಂದರು. ಕಲ್ಲು ಇಟ್ಟಿರಾ ಅಂದೆ. ಕೂಸಿಗೆಂಥ ಕಲ್ಲು ಅಂದರು. ಆಮೇಲೆ ಸೊಪ್ಪಿಗೆ ಹೋದಾಗೆಲ್ಲ ಬೇಲಿ ಉದ್ದಕ್ಕೂ ನೋಡಿಕೊಂಡು ಹೋಗುತ್ತಿದ್ದೆ. ಆ ಬೇಲಿಯೂ ಈಗಿಲ್ಲ, ರಸ್ತೆ ಆಗಿದೆ. ಆ ಮೆಷಿನ್‌ಗೆ ಕೂಸು ಕಾಣುತ್ತಾ ಕೇಳು."

ಯಾರಾದರೂ ಉತ್ತರ ಕೊಟ್ಟರೆ ಓದಿ ಹೇಳುತ್ತೇನೆ.

ಗಂಗೋತ್ರಿ96 · ಜನವರಿ 11, ಸಂಜೆ 5:25

ಅಮ್ಮನಿಗೆ ನಮಸ್ಕಾರ ಹೇಳಿ. ಸುಳ್ಳು ಹೇಳಲಾರೆ. ಕಾಣುವುದಿಲ್ಲಮ್ಮ. ಗುಂಡಿ ಚಿಕ್ಕದು, ಮೂಳೆ ಎಳೆಯದು. ನಮ್ಮ ಕೆಂಪು ಮಣ್ಣು ಸ್ವಲ್ಪ ಹುಳಿ, ಅಂಥ ಮೂಳೆಯನ್ನು ಬೇಗ ಕರಗಿಸಿಬಿಡುತ್ತದೆ. ಮೇಲೆ ರಸ್ತೆ ಬೇರೆ ಬಂದಿದೆ.

ಸುಮ_ಒಂಟಿಕೊಪ್ಪಲು · ಜನವರಿ 11, ಸಂಜೆ 6:02

ಅಮ್ಮನ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ನಮ್ಮ ಅತ್ತೆಗೂ ಹೀಗೇ ಎರಡು. ಅವರೂ ಯಾವತ್ತೂ ಜಾಗ ನೋಡಿಲ್ಲ.

ಐರ್ಲೆಂಡಿನ ಟೂಆಮ್ ಊರಿನಲ್ಲಿ ಮದುವೆಯಾಗದ ತಾಯಂದಿರನ್ನು ಇಡುತ್ತಿದ್ದ ಒಂದು ಆಶ್ರಮ ಇತ್ತು. ಅಲ್ಲಿ ಸತ್ತ ಮಕ್ಕಳನ್ನು ಎಲ್ಲಿ ಹೂತರು ಅಂತ ಊರಿನ ಒಬ್ಬ ಹೆಂಗಸು, ಕ್ಯಾಥರೀನ್ ಕಾರ್ಲೆಸ್, ಕೇಳಲು ಶುರು ಮಾಡಿದರು. ಒಂದೊಂದೇ ಮರಣ ಪತ್ರ ದುಡ್ಡು ಕೊಟ್ಟು ತೆಗೆಸಿದರು. 796 ಮಕ್ಕಳು. ಸ್ಮಶಾನದ ಪುಸ್ತಕದಲ್ಲಿ ಅವರ ಹೆಸರಿಲ್ಲ. 2017ರಲ್ಲಿ ಅಲ್ಲಿ ನೆಲದಡಿ ಮಕ್ಕಳ ಮೂಳೆ ಇರುವುದು ಖಾತ್ರಿಯಾಯಿತು. ಪೂರ್ತಿ ಅಗೆಯುವ ಕೆಲಸ ಶುರುವಾಗಿದ್ದು 2025ರಲ್ಲಿ. ಅಮ್ಮನಿಗೆ ಇದರಿಂದ ಏನು ಸಮಾಧಾನ, ಗೊತ್ತಿಲ್ಲ. ಕೇಳಿದ್ದು ತಪ್ಪಲ್ಲ ಅಂತ ಮಾತ್ರ ಹೇಳಿ.

ಅಮ್ಮನಿಗಾಗಿ · ಜನವರಿ 11, ರಾತ್ರಿ 8:15

ಹೇಳಿದೆ. "ಹುಳಿ ಮಣ್ಣು ಅಂದರಾ? ಅದಕ್ಕೇ ಅಲ್ಲಿ ಹುರುಳಿ ಚೆನ್ನಾಗಿ ಬರುತ್ತಿತ್ತು" ಅಂದು ಎದ್ದು ದೀಪ ಹಚ್ಚಲು ಹೋದರು.

ಹಳೇಸೈಕಲ್ · ಜನವರಿ 12, ಬೆಳಿಗ್ಗೆ 11:30

ಮೆಕ್ಸಿಕೋದಲ್ಲಿ ಕಾಣೆಯಾದವರ ಲೆಕ್ಕ ಒಂದು ಲಕ್ಷ ದಾಟಿದೆ. ಅಲ್ಲಿ ತಾಯಂದಿರೇ ಗುಂಪು ಕಟ್ಟಿಕೊಂಡು ಹುಡುಕುತ್ತಾರೆ. ಕೈಯಲ್ಲಿ ಉದ್ದನೆಯ ಕಬ್ಬಿಣದ ಸಲಾಕೆ. ಮಣ್ಣು ಸಡಿಲ ಅನ್ನಿಸಿದ ಕಡೆ ಚುಚ್ಚುತ್ತಾರೆ, ಎತ್ತಿ ತುದಿ ಮೂಸುತ್ತಾರೆ. ಡ್ರೋನು, ಕಣ್ಣಿಗೆ ಕಾಣದ ಬಣ್ಣವನ್ನೂ ಹಿಡಿಯುವ ಕ್ಯಾಮೆರಾ ಎಲ್ಲ ಆಮೇಲೆ ಬಂತು. ವಿಜ್ಞಾನಿಗಳು ಮನುಷ್ಯನ ಹೆಣದ ಬದಲು ಸತ್ತ ಹಂದಿ ಹೂತು, ಮೇಲಿನ ಗಿಡ ಹೇಗೆ ಬದಲಾಗುತ್ತದೆ ಅಂತ ತಿಂಗಳುಗಟ್ಟಲೆ ನೋಡುತ್ತಾರೆ.

ಬೋಸ್ನಿಯಾ ಇನ್ನೊಂದು. 1995ರ ಜುಲೈನಲ್ಲಿ ಸ್ರೆಬ್ರೆನಿಕಾದಲ್ಲಿ 8,000ಕ್ಕೂ ಹೆಚ್ಚು ಗಂಡಸರು, ಹುಡುಗರನ್ನು ಕೊಂದರು. ಆಗಸ್ಟಿನಲ್ಲಿ ಅಮೆರಿಕ ಮೇಲಿಂದ ತೆಗೆದ ಚಿತ್ರಗಳನ್ನು ವಿಶ್ವಸಂಸ್ಥೆಯಲ್ಲಿ ತೋರಿಸಿತು. ಹೊಸದಾಗಿ ಕೆದರಿದ ಮಣ್ಣು ಅದರಲ್ಲಿ ಕಾಣುತ್ತಿತ್ತು. ಕೊಂದವರು ಏನು ಮಾಡಿದರು ಗೊತ್ತಾ? ಯಂತ್ರ ತಂದು ಹೆಣ ಅಗೆದು ಬೇರೆ ಬೇರೆ ಗುಂಡಿಗೆ ಸಾಗಿಸಿದರು. ಒಬ್ಬನೇ ಮನುಷ್ಯನ ಮೂಳೆ ಮೂರು ನಾಲ್ಕು ಕಡೆ. ಆಮೇಲೆ ಡಿಎನ್‌ಎ ಇಟ್ಟುಕೊಂಡು ಜೋಡಿಸಬೇಕಾಯಿತು.

ಮದ್ದೂರ್‌ವಡೆ · ಜನವರಿ 12, ಮಧ್ಯಾಹ್ನ 12:10

ತಮಾಷೆ ಬಿಟ್ಟು ಒಂದು ಪ್ರಶ್ನೆ. ಆ ತಲೆಗಲ್ಲು ಎಲ್ಲಿ ಹೋಯಿತು? ಜೆಸಿಬಿಯವನು ಚಪ್ಪಡಿ ಕಲ್ಲನ್ನು ಹೂತು ಹಾಕುವುದಿಲ್ಲ. ಪಕ್ಕಕ್ಕೆ ಹಾಕಿರುತ್ತಾನೆ. ಕಲ್ಲು ಅಂದರೆ ಊರಲ್ಲಿ ಯಾರಿಗಾದರೂ ಬೇಕೇ ಬೇಕು.

ಕಬ್ಬಿನಗದ್ದೆ · ಜನವರಿ 18, ರಾತ್ರಿ 10:20

ಒಂದು ವಾರ ಬರಲಾಗಲಿಲ್ಲ, ಸಂಕ್ರಾಂತಿ. ಆದರೆ ಸುದ್ದಿ ಇದೆ.

ಹಬ್ಬಕ್ಕೆ ಅತ್ತೆ ಬಂದಿದ್ದರು, ಅಪ್ಪನ ಅಕ್ಕ, 78. ಅವರನ್ನು ಇದುವರೆಗೆ ಯಾರೂ ಕೇಳಿರಲೇ ಇಲ್ಲ! ಕೇಳಿದ್ದಕ್ಕೆ, "ಹಾಲು ತುಪ್ಪ ಬಿಟ್ಟ ದಿನ ನಾನೂ ಹೋಗಿದ್ದೆ. ಬಿಟ್ಟು ಬಂದು ಕಪಿಲೆ ಬಾವಿ ಮೆಟ್ಟಿಲಿಳಿದು ಕಾಲು ತೊಳೆದೆ. ಎದ್ದು ತಿರುಗಿದರೆ ಗುಡ್ಡೆ ಮೇಲಿನ ಹೂವು ಕಾಣುತ್ತಿತ್ತು" ಅಂದರು. ಕಪಿಲೆ ಬಾವಿ ಅಂದರೆ ಎತ್ತು ಕಟ್ಟಿ ನೀರೆತ್ತುತ್ತಿದ್ದ ಅದೇ ಹಳೇ ಬಾವಿ. ಎಷ್ಟು ದೂರ ಅಂದೆ. "ಕೂಗಿದರೆ ಅಲ್ಲ, ಮಾತಾಡಿದರೆ ಕೇಳುವಷ್ಟು."

ಗೂಗಲ್ ಅರ್ಥ್‌ನಲ್ಲಿ 2006ರ ಚಿತ್ರ ಸಿಕ್ಕಿತು. ಮಸುಕು. ಗುಡ್ಡೆ ಕಾಣುವುದಿಲ್ಲ. ಆದರೆ ಬಾವಿ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಚಿಕ್ಕಪ್ಪ ತೋರಿಸುವ ಜಾಗದಲ್ಲಿ ಬಾವಿ ಇಲ್ಲವೇ ಇಲ್ಲ, ಅದಕ್ಕಿಂತ ಹದಿನೈದು ಮೀಟರ್ ಈಚೆ ಇದೆ. ಅಪ್ಪ ಚಿತ್ರ ನೋಡಿ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ನಾಲೆ ಏರಿ ಆಗ ಇಷ್ಟು ಅಗಲ ಇರಲಿಲ್ಲ" ಅಂದರು. ದೊಡ್ಡಪ್ಪ ಮಾತ್ರ ಹುಣಸೆಮರ ಬಿಡುತ್ತಿಲ್ಲ.

ಗಂಗೋತ್ರಿ96 · ಜನವರಿ 19, ಬೆಳಿಗ್ಗೆ 6:45

ಈಗ ಕೆಲಸ ಸಲೀಸಾಯಿತು. ಒಂದು ಎಕರೆ ಹುಡುಕುವುದು ಬೇರೆ, ನಾಲ್ಕು ಗುಂಟೆ ಹುಡುಕುವುದು ಬೇರೆ. ಜಿಪಿಆರ್ ಬಾಡಿಗೆಗೆ ತರಿಸಬೇಡಿ, ಮೇಲಿನ ಒಂದೂವರೆ ಅಡಿ ಕಪ್ಪು ಜೇಡಿಯಲ್ಲೇ ಅದರ ಉಸಿರು ಕಟ್ಟುತ್ತದೆ. ಕಬ್ಬು ಕಟಾವಾಗಲಿ. ಸೋಗೆಗೆ ಬೆಂಕಿ ಹಾಕಬೇಡಿ, ಕೂಳೆಗೆ ನೀರನ್ನೂ ಬಿಡಬೇಡಿ. ನನ್ನ ಮೀಟರ್ ತೆಗೆದುಕೊಂಡು ಬರುತ್ತೇನೆ.

ಬೋರ್ ಪಾಯಿಂಟ್ ನೋಡುವಾಗ ಕಂಬಿಗಳನ್ನು ದೂರ ದೂರ ನೆಟ್ಟು ಆಳಕ್ಕೆ ನೋಡುತ್ತೇವೆ. ಇಲ್ಲಿ ಅರ್ಧ ಮೀಟರಿಗೊಂದು ನೆಟ್ಟು, ಸಾಲು ಸಾಲಾಗಿ ಸರಿಸಿಕೊಂಡು ಹೋಗುವುದು. ಒದ್ದೆ ಜೇಡಿ 10-20 ಓಮ್-ಮೀಟರ್ (ಕರೆಂಟಿಗೆ ಮಣ್ಣು ಒಡ್ಡುವ ತಡೆಯ ಅಳತೆ) ತೋರಿಸಿದರೆ, ಕೆಳಗಿನ ಗಟ್ಟಿ ಬಂಡೆ ಸಾವಿರಗಟ್ಟಲೆ ತೋರಿಸುತ್ತದೆ. ಕಲಸಿದ ಮಣ್ಣು ತೇವ ಹಿಡಿದಿದ್ದರೆ ಸುತ್ತಲಿಗಿಂತ ಕಡಿಮೆ ಬರಬೇಕು. ಫೀಸು ಬೇಡ. ಊಟ ಹಾಕಿ, ಮುದ್ದೆ ಇರಲಿ.

ಕಬ್ಬಿನಗದ್ದೆ · ಮಾರ್ಚ್ 8, ರಾತ್ರಿ 9:05

ತಡವಾಯಿತು, ಕ್ಷಮಿಸಿ. ಕಟಾವು ಗ್ಯಾಂಗ್ ಬರುವುದೇ ಹತ್ತು ದಿನ ತಡ ಮಾಡಿತು.

ಗಂಗೋತ್ರಿ ಸಾರ್ ನಿನ್ನೆ ಬಂದಿದ್ದರು. ಬೆಳಿಗ್ಗೆ ಏಳರಿಂದ ಮೂರು ಗಂಟೆವರೆಗೆ. ನಾನು ಮತ್ತು ತಮ್ಮ ಕಂಬಿ ಹೊಡೆದೆವು. ಊರ ಅರ್ಧ ಜನ ಬದುವಿನ ಮೇಲೆ. ನೀರು ಎಷ್ಟು ಇಂಚು ಬಂತು ಅಂತ ಎಲ್ಲರೂ ಕೇಳುವವರೇ.

ಹುಣಸೆಮರದ ಬುಡದಲ್ಲಿ ಏನೂ ಇಲ್ಲ, ಎರಡಡಿಗೆ ಕಲ್ಲು. ಅಲ್ಲಿ ಆಳುದ್ದ ಗುಂಡಿ ತೋಡಲು ಆಗುತ್ತಲೇ ಇರಲಿಲ್ಲ. ಹಳೇ ಚಿತ್ರದಲ್ಲಿದ್ದ ಜಾಗದಲ್ಲೇ ಬಾವಿ ಸಿಕ್ಕಿತು, ದುಂಡಗೆ ದೊಡ್ಡದಾಗಿ. ಬಾವಿಯಿಂದ ನಾಲೆ ಕಡೆಗೆ ಏಳು ಮೀಟರ್ ದೂರದಲ್ಲಿ ಇನ್ನೊಂದು ಸಣ್ಣ ಜಾಗ ಇದೆ. ಉತ್ತರ ದಕ್ಷಿಣವಾಗಿ ಎರಡು ಮೀಟರಿಗೆ ಸ್ವಲ್ಪ ಜಾಸ್ತಿ ಉದ್ದ, ಒಂದು ಮೀಟರ್ ಅಗಲ. ಸುತ್ತಲಿಗಿಂತ ರೀಡಿಂಗ್ ಕಡಿಮೆ.

ಅತ್ತೆಯನ್ನು ಬಾವಿ ಇದ್ದ ಕಡೆ ನಿಲ್ಲಿಸಿ ನಾನು ಆ ಜಾಗದಲ್ಲಿ ನಿಂತು ಮೆಲ್ಲಗೆ ಮಾತಾಡಿದೆ. ಕೇಳಿಸಿತು ಅಂದರು.

ಗಂಗೋತ್ರಿ96 · ಮಾರ್ಚ್ 8, ರಾತ್ರಿ 9:40

ಒಂದು ತಿದ್ದುಪಡಿ. ಸಮಾಧಿ ಸಿಕ್ಕಿತು ಅಂತ ಎಲ್ಲೂ ಹೇಳಬೇಡಿ. ಅಗೆದು ಮುಚ್ಚಿದ ಗುಂಡಿ ಇರಬಹುದಾದ ಜಾಗ. ಹಳೇ ಗೊಬ್ಬರದ ಗುಂಡಿಯೂ ಆಗಿರಬಹುದು. ನಾನು ಬರೆದುಕೊಟ್ಟ ಹಾಳೆಯಲ್ಲೂ ಅಷ್ಟೇ ಇದೆ. ಮುದ್ದೆ, ಬಸ್ಸಾರು ಮಾತ್ರ ಖಚಿತ. ಅವ್ವನವರಿಗೆ ನಮಸ್ಕಾರ.

ಪಿಂಚಣಿದಾರ · ಮಾರ್ಚ್ 9, ಬೆಳಿಗ್ಗೆ 6:50

ಮುಂದೇನು ಮಾಡುತ್ತೀರಿ? ಅಗೆಯುವುದಿಲ್ಲ ತಾನೇ?

ಕಬ್ಬಿನಗದ್ದೆ · ಮಾರ್ಚ್ 9, ಸಂಜೆ 7:25

ಇಲ್ಲ ಸಾರ್. ಬಾವಿ, ಆ ಜಾಗ ಎರಡೂ ಸೇರಿ ಮೂರು ಗುಂಟೆ ಯಾರ ಪಾಲಿಗೂ ಹಾಕದೆ ಜಂಟಿಯಾಗಿ ಬಿಡುವುದು ಅಂತ ಮಾತಾಗಿದೆ, ವಿಭಾಗ ಪತ್ರದಲ್ಲಿ ಬರೆಸುತ್ತಿದ್ದೇವೆ. ತಮ್ಮ ಮನೆಯ ನಕ್ಷೆ ರಸ್ತೆ ಕಡೆಗೆ ಸರಿಸಿದ್ದಾನೆ. ದೊಡ್ಡಪ್ಪ ಸಹಿ ಹಾಕಲು ಒಪ್ಪಿದ್ದಾರೆ, ಹುಣಸೆಮರ ಕಡಿಯಬಾರದು ಅನ್ನುವ ಷರತ್ತಿನ ಮೇಲೆ.

ಮದ್ದೂರ್‌ವಡೆ · ಮಾರ್ಚ್ 9, ಸಂಜೆ 7:31

ಕಲ್ಲು?

ಕಬ್ಬಿನಗದ್ದೆ · ಮಾರ್ಚ್ 9, ಸಂಜೆ 7:48

ಸಿಕ್ಕಿತು ಗುರುವೇ. ಚಿಕ್ಕಪ್ಪನ ಮನೆ ಹಿತ್ತಲಲ್ಲಿ. ಹದಿನೇಳು ವರ್ಷದಿಂದ ಚಿಕ್ಕಮ್ಮ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದಾರೆ. ಬೇರೆ ಒಗೆಯುವ ಕಲ್ಲು ತಂದುಕೊಟ್ಟರೆ ಇದನ್ನು ಬಿಡುತ್ತಾರಂತೆ. ಪಾಂಡವಪುರ ಕಡೆ ಒಳ್ಳೇ ಚಪ್ಪಡಿ ಎಲ್ಲಿ ಸಿಗುತ್ತದೆ, ಯಾರಿಗಾದರೂ ಗೊತ್ತಾ?